ಊರು ಎಲ್ಲಾಯ್ತು ನಿಮಗೆ?

ನಮ್ಮ ಕರಾವಳಿಯ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕುಳಿತ ಹೆಂಗಸು ಮುಂದಿನ ಸ್ಟಾಪು ಬರುವುದರೊಳಗೆ ಮೂರು ಪ್ರಶ್ನೆ ಕೇಳಿಯೇ ಕೇಳುತ್ತಾಳೆ. "ಊರು ಎಲ್ಲಾಯ್ತು ನಿಮಗೆ?" "ಎಂತ ಕೆಲಸ?" "ಯಾರ ಪೈಕಿ ನೀವು?" ಘಟ್ಟದ ಮೇಲಿನವರಿಗೆ, ಅದರಲ್ಲೂ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ, ಇದು ಅಧಿಕಪ್ರಸಂಗವಾಗಿ ಕಾಣುತ್ತದೆ. ಗುರುತಿಲ್ಲದವರ ವಂಶ ಕಟ್ಟಿಕೊಂಡು ಇವಳಿಗೇನಾಗಬೇಕು ಎಂದು ಮುಖ ಕಿಟಕಿಯ ಕಡೆ ತಿರುಗಿಸುತ್ತಾರೆ. ನನಗಂತೂ ಈ ಮೂರು ಪ್ರಶ್ನೆಗಳಲ್ಲಿ ನಮ್ಮ ಜಿಲ್ಲೆಯ ನೂರು ವರ್ಷದ ಚರಿತ್ರೆಯೇ ಅಡಗಿದೆ ಅನ್ನಿಸುತ್ತದೆ.

ನಾವು ಮೂವರು ಗೆಳತಿಯರು. ಒಬ್ಬಳು ಬ್ಯಾಂಕಿನಲ್ಲಿದ್ದು ನಿವೃತ್ತಳಾದವಳು. ಇನ್ನೊಬ್ಬಳು ಮುಂಬಯಿಯಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ವರ್ಷಕ್ಕೊಮ್ಮೆ ಊರಿಗೆ ಬರುವವಳು. ನಾನು ಮೇಷ್ಟ್ರಮ್ಮ. ಸೇರಿದಾಗ ನಮ್ಮ ಮಾತು ಸುತ್ತುವುದು ಇದೇ ಮೂರರ ಸುತ್ತ: ರೈಲಿನ ಟಿಕೇಟು ಸಿಕ್ಕಿತೇ ಇಲ್ಲವೇ, ಮಕ್ಕಳಿಗೆ ಕೆಲಸ ಆಯಿತೇ ಇಲ್ಲವೇ, ಇಂಥವಳು ಇಂಥವರಿಗೆ ಏನಾಗಬೇಕು. ಒಮ್ಮೆ ಬ್ಯಾಂಕಿನವಳು ಮಗಳ ಅರ್ಜಿಗಳ ಲೆಕ್ಕ ಹೇಳಿ ಹೇಳಿ ಬೇಸತ್ತು, "ಈಗಿನ ಮಕ್ಕಳು ನೂರು ಕಡೆ ಅರ್ಜಿ ಹಾಕಬೇಕು ಮಾರಾಯ್ತಿ. ನಮ್ಮ ಮಾವಂದಿರಿಗೆ ಒಂದು ಹೆಸರು ಹೇಳಿದರೆ ಸಾಕಿತ್ತು" ಎಂದಳು. ಮುಂಬಯಿಯವಳು ಥಟ್ಟನೆ, "ಯಾರ ಹೆಸರು? ಅಪ್ಪನದ್ದಲ್ಲವಲ್ಲ!" ಎಂದು ನಕ್ಕಳು. ಆ ನಗುವಿನ ಅರ್ಥ ಹೊರಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ.

ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರು ಮುಂತಾದ ಅನೇಕ ಸಮುದಾಯಗಳಲ್ಲಿ ಇದ್ದದ್ದು ಅಳಿಯಸಂತಾನ. ಮಗು ಸೇರುವುದು ತಾಯಿಯ ಕುಟುಂಬಕ್ಕೆ; ಅದಕ್ಕೆ ಬರುವ ಬಳಿ (ತುಳುವಿನಲ್ಲಿ ಬರಿ) ತಾಯಿಯದು. ಒಂದೇ ಬಳಿಯವರು ಮದುವೆಯಾಗುವಂತಿಲ್ಲ. ಮಕ್ಕಳು ತಂದೆಯ ಮನೆಯಲ್ಲಿ ಉಂಡು ಬೆಳೆದರೂ ಅವರ ಹಕ್ಕು ಇರುವುದು ತಾಯಿ ಹುಟ್ಟಿದ ಮನೆಯಲ್ಲಿ. ಮನೆಯ ಯಜಮಾನಿಕೆ ಮಾವನಿಂದ, ಅಂದರೆ ತಾಯಿಯ ಅಣ್ಣತಮ್ಮಂದಿರಿಂದ, ಅಳಿಯನಿಗೆ ಇಳಿಯುತ್ತದೆ. ಅಳಿಯ ಎಂದರೆ ಇಲ್ಲಿ ಮಗಳ ಗಂಡನಲ್ಲ, ಅಕ್ಕತಂಗಿಯರ ಮಗ. ನಮ್ಮ ಮನೆಯಲ್ಲಿಯೂ ಇದೇ ಕಟ್ಟಳೆ.

ಇದು ಹೇಗೆ ಬಂತು ಎಂಬುದಕ್ಕೆ ಭೂತಾಳ ಪಾಂಡ್ಯನ ಕತೆಯೊಂದಿದೆ. ಅರಸನೊಬ್ಬ ಸರಕು ತುಂಬಿ ಹೊಸ ಹಡಗುಗಳನ್ನು ನೀರಿಗಿಳಿಸಲು ಹೊರಟ. ಕುಂಡೋದರನೆಂಬ ಭೂತ ಅಡ್ಡ ನಿಂತು ಅರಸನ ಮಗನನ್ನೇ ಬಲಿ ಕೇಳಿತು. ಅರಸನ ಹೆಂಡತಿ ಮಗನನ್ನು ಕೊಡಲೊಪ್ಪಲಿಲ್ಲ. ಅರಸನ ತಂಗಿ ತನ್ನ ಮಗನನ್ನು ಕೊಡಲು ಮುಂದೆ ಬಂದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು. ಆಸ್ತಿ ಮಗನಿಗಲ್ಲ, ಅಳಿಯನಿಗೆ ಎಂದು ಅಂದಿನಿಂದ ಕಟ್ಟಾಯಿತು. ಚರಿತ್ರೆಕಾರರು ಇದನ್ನು ಕತೆಯೆಂದೇ ಬದಿಗಿಡುತ್ತಾರೆ. ನನಗೆ ಮಾತ್ರ ಇದರಲ್ಲಿ ಹಡಗು ಬರುವುದು ಸುಮ್ಮನೆ ಅನ್ನಿಸುವುದಿಲ್ಲ. ಗಂಡಸು ಸಮುದ್ರಕ್ಕೆ ಹೋಗುವವನು. ಅವನು ತಿರುಗಿ ಬರುವುದು ಖಾತ್ರಿಯಿಲ್ಲ. ಹಾಗಿರುವಾಗ ವಂಶವನ್ನು ಯಾರ ಹೆಸರಿನಲ್ಲಿ ಕಟ್ಟಿಹಾಕುವುದು? ಮನೆಯಲ್ಲಿ ಉಳಿದವಳ ಹೆಸರಿನಲ್ಲಿ ತಾನೆ? ಇದು ನನ್ನ ಊಹೆ, ಶಾಸನದ ಆಧಾರವೇನೂ ಇಲ್ಲ.

ಆಧಾರ ಬೇಕೆಂದರೆ ಕಾನೂನಿನ ಪುಸ್ತಕವಿದೆ. ದಕ್ಷಿಣ ಕನ್ನಡ ಮದರಾಸಿಗೆ ಸೇರಿದ್ದ ಕಾಲದಲ್ಲಿ, 1949ರಲ್ಲಿ, ಮದರಾಸು ಅಳಿಯಸಂತಾನ ಕಾಯಿದೆ ಬಂತು. ಅದರಲ್ಲಿ 'ಕವರು' ಎಂಬ ನಮ್ಮ ಮಾತನ್ನೇ ಹಾಗೆಯೇ ಇಟ್ಟುಕೊಂಡರು. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮೂಲಕ ಇಳಿದು ಬಂದ ಅವಳ ಸಂತತಿಯೆಲ್ಲ ಸೇರಿ ಒಂದು ಕವರು. ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕು ಕವರಿಗೆ ಸಿಕ್ಕಿತು. ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದು, ಗಂಡಸು ತೀರಿಕೊಂಡರೆ ಅವನ ಪಾಲು ಅವನ ಸ್ವಂತ ಹೆಂಡತಿ ಮಕ್ಕಳಿಗೆ ಹೋಗುವಂತಾಯಿತು. ಅಳಿಯನ ಕಾಲ ಮುಗಿಯುತ್ತ ಬಂತು.

ಇದನ್ನು ಕೇಳಿ, ಆಹಾ, ನಿಮ್ಮಲ್ಲಿ ಹೆಂಗಸರದ್ದೇ ರಾಜ್ಯವಾಗಿತ್ತೇ ಎಂದು ಕೆಲವರು ಹೊಗಳುವುದುಂಟು. ಹಾಗೇನಿಲ್ಲ. ಭತ್ತದ ಕಣಜದ ಕೀಲಿಕೈ ಹೆಚ್ಚಾಗಿ ಮಾವನ ಸೊಂಟದಲ್ಲೇ ಇತ್ತು. ನೇಜಿ ನೆಡುವುದು, ಭತ್ತ ಕುಟ್ಟುವುದು, ಹಟ್ಟಿ ಬಾಚುವುದು ಹೆಂಗಸರ ಪಾಲಿಗಿತ್ತು. ಆದರೆ ಒಂದು ಮಾತು ನಿಜ. ಗಂಡ ಬಿಟ್ಟರೂ, ಸತ್ತರೂ, ತವರಿಗೆ ಬಂದವಳನ್ನು ಹೊರಗೆ ಹೋಗೆನ್ನಲು ಯಾರಿಗೂ ಹಕ್ಕಿರಲಿಲ್ಲ. ಅದು ಅವಳದ್ದೇ ಮನೆ.

ಈಗ ಪ್ರಯಾಣದ ವಿಷಯಕ್ಕೆ ಬರುತ್ತೇನೆ. ನಕಾಶೆಯಲ್ಲಿ ನೋಡಿದರೆ ಮಂಗಳೂರಿನಿಂದ ಮುಂಬಯಿಗೆ ಕರಾವಳಿ ಹಿಡಿದು ನೇರ ದಾರಿ. ಆದರೆ ಹೊಳೆಗಳೆಷ್ಟು! ಗುರುಪುರ, ಸ್ವರ್ಣಾ, ಸೀತಾ, ಶರಾವತಿ, ಅಘನಾಶಿನಿ, ಕಾಳಿ, ಹೀಗೆ ಒಂದಾದ ಮೇಲೊಂದು ಅಡ್ಡ. ರೈಲು 1907ರಲ್ಲೇ ಮಂಗಳೂರಿಗೆ ಬಂದರೂ ಅದು ಬಂದದ್ದು ತೆಂಕಣಿಂದ, ಮಲಬಾರಿನ ಕಡೆಯಿಂದ. ಹಾಗಾಗಿ ಮದರಾಸಿಗೆ ದಾರಿಯಾಯಿತು, ಮುಂಬಯಿಗೆ ಆಗಲಿಲ್ಲ. ಮುಂಬಯಿಗೆ ಹೋಗುವವರು ಮಳೆಗಾಲ ಮುಗಿದ ಮೇಲೆ ಆಗಬೋಟು ಹಿಡಿಯಬೇಕಿತ್ತು. ಹೊಗೆ ಉಗುಳುವ ಆ ಹಡಗು ದಡಕ್ಕೆ ಬರುತ್ತಿರಲಿಲ್ಲ. ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ದೋಣಿಯಲ್ಲಿ ಹೋಗಿ ಹತ್ತಬೇಕು. ಮಳೆಗಾಲದಲ್ಲಿ ಹೋಗಲೇಬೇಕಾದರೆ ಆಗುಂಬೆ ಘಾಟಿ ಹತ್ತಿ ಶಿವಮೊಗ್ಗ, ಅಲ್ಲಿಂದ ರೈಲು ಬದಲಿಸುತ್ತ ಪುಣೆ, ಮುಂಬಯಿ. ಕೊಂಕಣ ರೈಲು ಪೂರ್ತಿ ಓಡಿದ್ದು 1998ರ ಜನವರಿ 26ರಂದು. ತೆಂಕಣ ರೈಲು ಬಂದು ತೊಂಬತ್ತೊಂದು ವರ್ಷ ಕಳೆದ ಮೇಲೆ ಬಡಗಣಕ್ಕೆ ರೈಲು! ನನ್ನ ಮುಂಬಯಿ ಗೆಳತಿ ಚಿಕ್ಕವಳಿದ್ದಾಗ ರಜೆಗೆ ಬರುತ್ತಿದ್ದುದು ಬಸ್ಸಿನಲ್ಲಿ, ಒಂದು ಹಗಲು ಒಂದು ರಾತ್ರಿ ವಾಂತಿ ಮಾಡುತ್ತ.

ಇಷ್ಟು ಕಷ್ಟಪಟ್ಟು ಯಾಕೆ ಹೋದರು? ಊರಲ್ಲಿ ಇದ್ದದ್ದು ಗೇಣಿಯ ಗದ್ದೆ. ಬೆಳೆದದ್ದರಲ್ಲಿ ದೊಡ್ಡ ಪಾಲು ಧಣಿಯ ಅಂಗಳಕ್ಕೆ. ಒಂದು ಮನೆಯಲ್ಲಿ ಏಳೆಂಟು ಮಕ್ಕಳು. 1923ರ ಮಹಾಪ್ರವಾಹವನ್ನು, ತುಳುವಿನಲ್ಲಿ ಹೇಳುವ ಮಾರಿಬೊಳ್ಳವನ್ನು, ಹಿರಿಯರು ಕಾಲ ಗುರುತಿಸಲು ಬಳಸುತ್ತಿದ್ದರು: ಬೊಳ್ಳದ ಮೊದಲು ಹುಟ್ಟಿದವನು, ಬೊಳ್ಳದ ನಂತರ ಬೊಂಬಾಯಿಗೆ ಹೋದವನು ಎಂದು. ಮದರಾಸಿಗೆ ಹೋದವರೂ ಇದ್ದರು. ಕಡಂದಲೆಯ ಕೃಷ್ಣರಾಯರು ಅಡುಗೆಮನೆಯ ಕೆಲಸದಿಂದ ಮೇಲೆ ಬಂದು 1938ರಲ್ಲಿ ಅಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ತೆರೆದರು. ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುಮಾಡಿದರು. ಇವು ಹೆಸರಾದ ಕತೆಗಳು. ಹೆಸರಾಗದೆ ಹೋದವು ಸಾವಿರ. ಹತ್ತು ಹನ್ನೆರಡು ವರ್ಷದ ಹುಡುಗರು ಹೋಟೆಲಿನ ಮಾಣಿಗಳಾಗಿ, ಟೇಬಲ್ ಒರೆಸಿ, ಲೋಟ ತೊಳೆದು, ರಾತ್ರಿ ಬೆಂಚುಗಳನ್ನು ಜೋಡಿಸಿ ಮಲಗಿದರು. ಅವರಲ್ಲಿ ಕೆಲವರು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು, ಟೈಪಿಂಗ್ ಕಲಿತು ಗುಮಾಸ್ತರಾದರು. ಮೇಷ್ಟ್ರಮ್ಮನಾಗಿ ನನಗೆ ಆ ರಾತ್ರಿಶಾಲೆಗಳ ಮೇಲೆ ತುಂಬ ಗೌರವ. ಹಗಲೆಲ್ಲ ದುಡಿದು ಕಣ್ಣು ಎಳೆಯುವ ಮಕ್ಕಳಿಗೆ ವ್ಯಾಕರಣ ಹೇಳುವುದು ಸಣ್ಣ ಕೆಲಸವಲ್ಲ.

ಆ ಹುಡುಗನಿಗೆ ಕೆಲಸ ಕೊಡಿಸಿದ್ದು ಯಾವುದು? ಸರ್ಟಿಫಿಕೇಟೇ? ಅವನ ಬಳಿ ಇದ್ದದ್ದು ಒಂದು ಜೊತೆ ಬಟ್ಟೆ. ಹೋಟೆಲಿನ ಗಲ್ಲೆಯಲ್ಲಿ ಕುಳಿತ ಧಣಿ ತುಳುವಿನಲ್ಲಿ ಕೇಳುತ್ತಿದ್ದ: ಊರು ಯಾವುದು, ಯಾರ ಮನೆ, ಯಾವ ಬರಿ? ಹುಡುಗ ತಾಯಿಯ ಮನೆಯ ಹೆಸರು ಹೇಳಿದ. ಅಜ್ಜಿಯ ಹೆಸರು ಹೇಳಿದ. ಎಲ್ಲೋ ಒಂದು ಎಳೆ ಸಿಕ್ಕಿತು. "ಓಹೋ, ಹಾಗಾದರೆ ನಮ್ಮ ಚಿಕ್ಕಮ್ಮನಿಗೆ ಆಗಬೇಕಾದವನು. ಚೀಲ ಒಳಗೆ ಇಡು" ಎಂದಾಯಿತು. ಅಜ್ಜಿಯ ಹೆಸರೇ ಬಡವರ ಶಿಫಾರಸು ಪತ್ರವಾಗಿತ್ತು ಎನ್ನಲು ನನಗೆ ಸಂಕೋಚವಿಲ್ಲ. ಹೀಗೆ ಸಿಕ್ಕ ಎಳೆಗಳು ಗಂಟಾಗಿ ಸಂಘಗಳಾದವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಬಂಟರ ಸಂಘ 1927ರಲ್ಲಿ ಮುಂಬಯಿಯಲ್ಲಿ ಹುಟ್ಟಿದವು. ಎಲ್ಲ ಕನ್ನಡಿಗರಿಗಾಗಿ ಕರ್ನಾಟಕ ಸಂಘ 1933ರಲ್ಲಿ ಬಂತು.

ಇದಕ್ಕೊಂದು ಮಗ್ಗುಲಿದೆ, ಅದನ್ನು ಹೇಳದಿದ್ದರೆ ಅನ್ಯಾಯ. "ಯಾರ ಪೈಕಿ" ಎಂಬ ಪ್ರಶ್ನೆ ಒಬ್ಬನಿಗೆ ಬಾಗಿಲು ತೆರೆದರೆ ಇನ್ನೊಬ್ಬನ ಮುಖಕ್ಕೆ ಮುಚ್ಚುತ್ತಿತ್ತು. ಕೊರಗರ ಹುಡುಗ ಅದೇ ಗಲ್ಲೆಯ ಮುಂದೆ ನಿಂತು ಅಜ್ಜಿಯ ಹೆಸರು ಹೇಳಿದ್ದರೆ ಅಡುಗೆಮನೆಗೆ ಅವನನ್ನು ಬಿಡುತ್ತಿದ್ದರೇ? ನಾವು ಪ್ರೀತಿಯಿಂದ ಕೇಳುವ ಪ್ರಶ್ನೆಯ ಒಳಗೆ ಜಾತಿಯ ಮುಳ್ಳಿರುವುದು ನಮಗೆ ಚುಚ್ಚುವುದಿಲ್ಲ, ಅಷ್ಟೇ. ನನ್ನ ತರಗತಿಯಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಹಾಗೆ ಕೇಳಿಕೊಂಡರೆ ನಾನು ಮಾತು ಬದಲಿಸುತ್ತೇನೆ.

ಹುಡುಗರು ಹೋದರು, ಮನೆಯಲ್ಲಿ ಹೆಂಗಸರು ಉಳಿದರು. ಗದ್ದೆ ನೋಡಿದರು, ಗೇಣಿ ಅಳೆದರು, ಮನೆಯಲ್ಲಿ ಕೂತು ಬೀಡಿ ಕಟ್ಟಿದರು, ಗೋಡಂಬಿ ಕಾರ್ಖಾನೆಗೆ ಹೋದರು. ಅವರ ಕೆಲಸ ಹುಡುಕಾಟಕ್ಕೆ ಯಾರೂ ಹಡಗು ಹತ್ತಿಸಲಿಲ್ಲ. ಮಂಗಳೂರಿನಲ್ಲಿ 1921ರಲ್ಲಿ ಸಂತ ಆಗ್ನೆಸ್ ಕಾಲೇಜು ಹೆಣ್ಣುಮಕ್ಕಳಿಗೆಂದೇ ತೆರೆದರೂ ಹಳ್ಳಿಯ ಹುಡುಗಿಯರು ಅಲ್ಲಿಗೆ ತಲುಪಲು ಇನ್ನೊಂದು ತಲೆಮಾರು ಬೇಕಾಯಿತು. ಮನಿಯಾರ್ಡರು ಬಂದ ದಿನ ಪೋಸ್ಟಮ್ಯಾನ್ ಜಗಲಿಯಲ್ಲಿ ಕುಳಿತು, ಫಾರಮಿನ ಕೆಳಗಿನ ತುಂಡಿನಲ್ಲಿ ಬರೆದಿದ್ದ ಎರಡು ಸಾಲನ್ನು ಓದಿ ಹೇಳುತ್ತಿದ್ದ. ಆ ಎರಡು ಸಾಲಿನಿಂದ ಇವರು ಮುಂಬಯಿಯಲ್ಲಿ ಯಾರು ಯಾರ ಜೊತೆಗಿದ್ದಾರೆ, ಯಾರಿಗೆ ಮದುವೆಯಾಯಿತು, ಯಾರಿಗೆ ಮಗು ಹುಟ್ಟಿತು ಎಂದು ತಲೆಯಲ್ಲೇ ದಾಖಲು ಮಾಡಿಕೊಂಡರು. ಅಕ್ಷರ ಬಾರದವರು ಇಟ್ಟ ರಿಜಿಸ್ಟರು ಅದು.

ನಿಜವಾದ ರಿಜಿಸ್ಟರುಗಳಲ್ಲಿ ಬೇರೆಯದೇ ನಡೆಯಿತು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಒಂದು ಕಾಲಮು: ತಂದೆಯ ಹೆಸರು. ಮುಂಬಯಿಯಲ್ಲಂತೂ ಅಲ್ಲಿಯ ಪದ್ಧತಿಯಂತೆ ತನ್ನ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ರೇಷನ್ ಕಾರ್ಡಿನಲ್ಲಿ ಹಾಗೆ, ಕಂಪನಿಯಲ್ಲಿ ಹಾಗೆ. ಎಪ್ಪತ್ತರ ದಶಕದಿಂದ ಕೊಲ್ಲಿ ದೇಶಗಳಿಗೆ ಹೊರಟವರ ಪಾಸ್‌ಪೋರ್ಟ್ ಅರ್ಜಿಯಲ್ಲೂ ತಂದೆಯ ಹೆಸರಿಲ್ಲದೆ ಮುಂದೆ ಹೋಗುವಂತಿರಲಿಲ್ಲ. ಯಾರೂ ದಬ್ಬಾಳಿಕೆ ಮಾಡಲಿಲ್ಲ. ಕಾಲಮು ಇತ್ತು, ತುಂಬಿದರು. ಎರಡು ತಲೆಮಾರು ಹೀಗೆ ತುಂಬಿದ ಮೇಲೆ ಮುಂಬಯಿಯಲ್ಲಿ ಹುಟ್ಟಿದ ಮಕ್ಕಳಿಗೆ ತಂದೆಯ ಅಪ್ಪನ ಹೆಸರು ಗೊತ್ತು, ತಾಯಿಯ ಅಜ್ಜಿಯ ಹೆಸರು ಗೊತ್ತಿಲ್ಲ. ಯಾವ ಹೆಸರಿನ ಬಲದಿಂದ ಅವರ ಅಜ್ಜ ಮುಂಬಯಿಯಲ್ಲಿ ಕಾಲೂರಿದನೋ ಆ ಹೆಸರೇ ಕಾಗದದಲ್ಲಿ ಇಲ್ಲ.

ಇದರಿಂದ ಏನಾಯಿತು, ಈಗ ಯಾರಿಗೆ ಬೇಕು ಎಂದು ಕೇಳಬಹುದು. ಬೇಕಾಗುವುದು ನಾಗರಪಂಚಮಿಗೆ. ತುಳುನಾಡಿನಲ್ಲಿ ಪ್ರತಿ ಕುಟುಂಬಕ್ಕೂ ಒಂದು ಮೂಲಸ್ಥಾನ, ಅಲ್ಲೊಂದು ಮೂಲನಾಗ. ಎಲ್ಲಿದ್ದರೂ ವರ್ಷಕ್ಕೊಮ್ಮೆ ಬಂದು ತಂಬಿಲ ಸಲ್ಲಿಸಬೇಕೆಂಬ ನಂಬಿಕೆ. ಮುಂಬಯಿಯಲ್ಲಿ ಮಗಳ ಮದುವೆ ತಡವಾಯಿತು, ಮಗನ ಕೆಲಸ ಹೋಯಿತು ಎಂದರೆ ಜೋಯಿಸರ ಹತ್ತಿರ ಪ್ರಶ್ನೆ ಇಡುತ್ತಾರೆ. ಮೂಲನಾಗನನ್ನು ಬಿಟ್ಟಿದ್ದೀರಿ, ಹುಡುಕಿ ಎನ್ನುತ್ತಾರೆ ಅವರು. ಪ್ರಶ್ನೆ, ದೋಷಗಳ ಮಾತು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಆದರೆ ಅದರ ನೆಪದಲ್ಲಿ ನಡೆಯುವ ಹುಡುಕಾಟ ಮಾತ್ರ ನನಗೆ ಬೇಕು. ಮೂಲಸ್ಥಾನ ತಿಳಿಯಬೇಕಾದರೆ ಅನೇಕರು ತಾಯಿಯ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಆ ದಾರಿ ರೇಷನ್ ಕಾರ್ಡಿನಲ್ಲಿಲ್ಲ. ಇರುವುದು ಊರಿನ ಯಾವುದೋ ಜಗಲಿಯಲ್ಲಿ ಎಲೆಯಡಿಕೆ ಕುಟ್ಟುತ್ತ ಕುಳಿತ ಎಂಬತ್ತೈದರ ಮುದುಕಿಯ ಬಾಯಲ್ಲಿ.

ನಮ್ಮ ದೊಡ್ಡಮ್ಮ ಅಂಥವರು. ಕಳೆದ ಸಲ ಮುಂಬಯಿ ಗೆಳತಿ ಅವರ ಹತ್ತಿರ ಕುಳಿತು ನೋಟ್‌ಬುಕ್ ತೆರೆದಳು. ಆಕೆಯ ಅಜ್ಜಿಯ ಮನೆ ದೊಡ್ಡಮ್ಮನಿಗೆ ಪರಿಚಿತ. ದೊಡ್ಡಮ್ಮ ಇಸವಿ ಹೇಳುವುದಿಲ್ಲ. "ನಿನ್ನ ಅಜ್ಜಿ, ಅವಳ ತಾಯಿ, ಅವಳಿಗೆ ಇಬ್ಬರು ತಂಗಿಯರು. ಸಣ್ಣವಳದು ನಿಸ್ಸಂತಾನ, ಆ ಕವರು ಅಲ್ಲಿಗೆ ನಿಂತಿತು" ಎಂದು ಬೆರಳು ಮಡಚುತ್ತ ಹೋದರು. ಒಂದೊಂದು ಹೆಸರಿಗೂ ಒಂದೊಂದು ಗುರುತು: ಒಬ್ಬಳು ಚೆನ್ನಾಗಿ ಪಾಡ್ದನ ಹೇಳುತ್ತಿದ್ದವಳು, ಒಬ್ಬಳು ಗಂಡನ ಮನೆಯಿಂದ ಹಸು ಹೊಡೆದುಕೊಂಡು ತವರಿಗೆ ಬಂದವಳು. ಗೆಳತಿ ಬರೆದುಕೊಳ್ಳುತ್ತ ಹೋದಳು. ನನ್ನ ಬ್ಯಾಂಕಿನ ಗೆಳತಿ ಪಕ್ಕದಲ್ಲಿ ಕುಳಿತು, ಇದನ್ನೆಲ್ಲ ಮೊದಲೇ ಬರೆದಿಡಲು ಯಾರಿಗೂ ಯಾಕೆ ಹೊಳೆಯಲಿಲ್ಲ ಎಂದಳು. ದೊಡ್ಡಮ್ಮ, "ಬರೆಯುವವರೆಲ್ಲ ಬೊಂಬಾಯಿಗೆ ಹೋದರಲ್ಲ ಮಗಾ" ಎಂದರು.

ಕಾಗದಗಳೂ ಈಗ ಸ್ವಲ್ಪ ಬದಲಾಗುತ್ತಿವೆ. 2016ರ ಕೊನೆಯಲ್ಲಿ ಪಾಸ್‌ಪೋರ್ಟ್ ನಿಯಮ ಸಡಿಲಿಸಿ ತಂದೆ ತಾಯಿಯರಲ್ಲಿ ಒಬ್ಬರ ಹೆಸರು ಕೊಟ್ಟರೂ ಸಾಕೆಂದರು. ಮಹಾರಾಷ್ಟ್ರ ಸರಕಾರ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ದಾಖಲೆಗಳಲ್ಲಿ ಮಗುವಿನ ಹೆಸರು, ಆಮೇಲೆ ತಾಯಿಯ ಹೆಸರು, ಅದರ ನಂತರ ತಂದೆಯ ಹೆಸರು ಎಂದು ಕ್ರಮ ಕಟ್ಟಿತು. ಮುಂಬಯಿಯವಳ ಮೊಮ್ಮಗಳು ಹುಟ್ಟಿದ್ದು ಅದಾದ ಮೇಲೆಯೇ. ಸರ್ಟಿಫಿಕೇಟಿನ ಪ್ರತಿ ತಂದು ದೊಡ್ಡಮ್ಮನಿಗೆ ಓದಿ ಹೇಳಿದಳು.

ದೊಡ್ಡಮ್ಮ ಕೇಳಿಸಿಕೊಂಡರು. "ತಾಯಿಯದ್ದು ಹಾಕಿದ್ದಾರೆ, ಸರಿ. ಬರಿ ಯಾವುದೆಂದು ಹಾಕಿದ್ದಾರಾ?" ಎಂದು ಕೇಳಿದರು. ಇಲ್ಲ ಎಂದಾಗ, ಹಾಗಾದರೆ ನೀನು ಬರೆದುಕೋ ಎಂದು ಮತ್ತೆ ಮೊದಲಿನಿಂದ ಹೇಳತೊಡಗಿದರು.