ಬೋಟಿನ ಬ್ಯಾಟರಿ ಯಾಕೆ ಕೈಕೊಡುತ್ತೆ? ಉತ್ತರ ಇತಿಹಾಸದಲ್ಲಿದೆ

ಅಹಮದಾಬಾದ್, ವಡೋದರಾ, ಸೂರತ್‌ನಲ್ಲಿ ಕೂತು ಈ ಚಾನೆಲ್ ನೋಡೋ ನಮ್ಮ ಟೆಕ್ಕಿ ಗೆಳೆಯರಿಗೆ ಇವತ್ತಿನ ವಿಷಯ ಸ್ವಲ್ಪ ವಿಚಿತ್ರ ಅನ್ನಿಸಬಹುದು: ಮೀನುಗಾರಿಕೆ ಬೋಟಿನ ಬ್ಯಾಟರಿ. ಆದರೆ ನಾವಿರೋ ಗುಜರಾತಿಗೆ ದೇಶದ ರಾಜ್ಯಗಳಲ್ಲೇ ಅತಿ ಉದ್ದದ ಕರಾವಳಿ ಇದೆ. ವೆರಾವಳ, ಪೋರಬಂದರಿನ ಬೋಟಿಗೂ ನಮ್ಮ ಮಲ್ಪೆ, ಮಂಗಳೂರಿನ ಬೋಟಿಗೂ ಇರೋ ತಲೆನೋವು ಒಂದೇ. ನಡುಸಮುದ್ರದಲ್ಲಿ ಬ್ಯಾಟರಿ ಡೌನ್!

ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೀಸ-ಆಮ್ಲದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದರು. ಇವತ್ತಿಗೂ ಹೆಚ್ಚಿನ ಬೋಟುಗಳಲ್ಲಿರೋದು ಅದರದ್ದೇ ವಂಶ. ನಮ್ಮ ದೇಶದಲ್ಲಿ ದೋಣಿಗೆ ಎಂಜಿನ್ ಬಂದ ಕಥೆಯಲ್ಲಿ ದೊಡ್ಡ ತಿರುವು 1952ರ ಭಾರತ-ನಾರ್ವೆ ಒಪ್ಪಂದ. ಕೇರಳದ ನೀಂಡಕರದಲ್ಲಿ ಆ ಯೋಜನೆಯ ಕೆಲಸ ಶುರುವಾಯ್ತು. ಕೈಯಿಂದ ತಿರುಗಿಸಿ ಸ್ಟಾರ್ಟ್ ಮಾಡೋ ಸಣ್ಣ ಡೀಸೆಲ್ ಎಂಜಿನ್ನು, ಸೀಮೆಎಣ್ಣೆ ಲಾಟೀನು ಇದ್ದ ದೋಣಿಗೆ ಬ್ಯಾಟರಿಯ ಹಂಗೇ ಇರಲಿಲ್ಲ.

ಆಮೇಲೆ ಒಂದೊಂದೇ ಸೇರ್ತಾ ಹೋಯ್ತು. ಸೆಲ್ಫ್ ಸ್ಟಾರ್ಟರ್, ಲೈಟು, ವೈರ್‌ಲೆಸ್, ಮೀನು ತೋರಿಸೋ ಫಿಶ್ ಫೈಂಡರ್. 1995ರಲ್ಲಿ ಜಿಪಿಎಸ್ ಪೂರ್ತಿ ಸಜ್ಜಾದ ಮೇಲೆ ಅದೂ ಬಂತು. 2008ರ ನವೆಂಬರಿನಲ್ಲಿ ಪೋರಬಂದರಿನ ‘ಕುಬೇರ್’ ಬೋಟನ್ನು ಅಪಹರಿಸಿ ಉಗ್ರರು ಮುಂಬೈಗೆ ಬಂದರಲ್ಲ, ಅದಾದ ಮೇಲೆ ಬೋಟು ಎಲ್ಲಿದೆ ಅಂತ ತಿಳಿಸೋ ಉಪಕರಣಗಳ ಮೇಲೆ ಸರ್ಕಾರದ ಒತ್ತು ಹೆಚ್ಚಾಯ್ತು.

ಪ್ರತಿಯೊಂದೂ ಬೇಕಾದದ್ದೇ. ಆದರೆ ಲೋಡ್ ಏರಿದಷ್ಟು ಆಲ್ಟರ್ನೇಟರ್, ವೈರಿಂಗ್ ಬದಲಾಗದ ಬೋಟುಗಳೂ ಇವೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಹಳೇ ಸರ್ವರ್ ಮೇಲೆ ವರ್ಷವರ್ಷ ಹೊಸ ಫೀಚರ್ ಹೇರಿದ ಹಾಗೆ.

ಲೆಕ್ಕ ಹಾಕಿ. 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅರ್ಧದಷ್ಟು ಬಳಸಿದರೆ ಅದರ ಆಯಸ್ಸಿಗೆ ಒಳ್ಳೇದು. ರಾತ್ರಿ ಬಲೆ ಬಿಟ್ಟು, ಎಂಜಿನ್ ನಿಲ್ಲಿಸಿ, ಲೈಟು-ಉಪಕರಣ ಸೇರಿ 8 ಆಂಪಿಯರ್ ಎಳೆದರೆ ಆರು ತಾಸಿಗೇ ಆ ಅರ್ಧ ಮುಗೀತು.

ಹಾಗಾದ್ರೆ ದೋಷ ಹುಡುಕೋದು ಹೇಗೆ? ಒಂದು ಮಲ್ಟಿಮೀಟರ್ ಸಾಕು. 12 ವೋಲ್ಟಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಸುಮ್ಮನಿದ್ದಾಗ ಸುಮಾರು 12.6 ತೋರಿಸಬೇಕು. ಎಂಜಿನ್ ಓಡುವಾಗ 13.8ರಿಂದ 14.4. ಆಗಲೂ 12.5ರಲ್ಲೇ ಇದ್ದರೆ ಚಾರ್ಜ್ ಬರ್ತಿಲ್ಲ ಅಂತ. ಮೊದಲು ಬೆಲ್ಟ್ ಸಡಿಲ ಇದೆಯಾ ನೋಡಿ. ಆಮೇಲೆ ಆಲ್ಟರ್ನೇಟರ್ ತುದಿಯಲ್ಲೇ ಅಳೆಯಿರಿ. ಅಲ್ಲಿ 14.2, ಬ್ಯಾಟರಿ ಹತ್ತಿರ 13.2 ಇದ್ದರೆ ಕಳ್ಳ ಮಧ್ಯದ ವೈರಿನಲ್ಲಿದ್ದಾನೆ. ಉಪ್ಪುಗಾಳಿಗೆ ಹಸಿರುಗಟ್ಟಿದ ಜಾಯಿಂಟೇ ಅವನ ಮನೆ. 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ಕೆಟ್ಟಿರಬಹುದು, ಬ್ಯಾಟರಿಯ ನೀರು ಬೇಗ ಖಾಲಿಯಾಗುತ್ತೆ. ಇದೆಲ್ಲ ಸರಿ ಇದ್ದೂ ಬ್ಯಾಟರಿ ನಿಲ್ಲದಿದ್ದರೆ ಮಾತ್ರ ಹೊಸದರ ಮಾತು. ಮೊದಲೇ ಬ್ಯಾಟರಿ ಬದಲಿಸಿದರೆ ದುಡ್ಡೂ ಹೋಯ್ತು, ದೋಷವೂ ಉಳೀತು.

ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ ಗೊತ್ತಾ? 25 ವಾಟಿನ ವಿಎಚ್ಎಫ್ ರೇಡಿಯೋ ಸುಮ್ಮನೆ ಕೇಳೋಕೆ ಒಂದು ಆಂಪಿಯರ್ ಕೂಡ ಬೇಡ. ಮಾತಾಡೋಕೆ ಐದಾರು ಆಂಪಿಯರ್ ಬೇಕು. ಬ್ಯಾಟರಿ ಸೋತಾಗ ಬಟನ್ ಒತ್ತಿದ ಕೂಡಲೇ ವೋಲ್ಟೇಜ್ ಕುಸಿಯುತ್ತೆ. ಅಂದ್ರೆ ದಡದವರ ದನಿ ನಮಗೆ ಕೇಳಿಸುತ್ತೆ, ನಮ್ಮ ಕೂಗು ಅವರಿಗೆ ಮುಟ್ಟಲ್ಲ.

ಸಮುದ್ರದಿಂದ ಸುದ್ದಿ ನಿಂತರೆ ಏನಾಗುತ್ತೆ ಅಂತ ನಮ್ಮ ಕರಾವಳಿಗೆ ಗೊತ್ತು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಏಳು ಮಂದಿಯ ಜೊತೆ ಹೊರಟ ‘ಸುವರ್ಣ ತ್ರಿಭುಜ’ದ ಸಂಪರ್ಕ ಕಡಿಯಿತು. ಅವಶೇಷ ಸಿಕ್ಕಿದ್ದು ಮುಂದಿನ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ ಕಡಲಲ್ಲಿ. ಆ ದುರಂತಕ್ಕೆ ಬ್ಯಾಟರಿ ಕಾರಣ ಅಂತ ನಾನು ಹೇಳ್ತಿಲ್ಲ. ಆದರೆ ಆ ನಾಲ್ಕೂವರೆ ತಿಂಗಳು ಏಳು ಮನೆಗಳು ಒಂದು ಸುದ್ದಿಗಾಗಿ ಕಾದವು.

ಈಗ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್‌ಗಳು ಬೋಟುಗಳಿಗೆ ಬರ್ತಿವೆ. ಉಪಗ್ರಹ ಎಷ್ಟೇ ಎತ್ತರದಲ್ಲಿದ್ದರೂ, ಕೆಳಗಿನ ಬೋಟಿನಲ್ಲಿ ಕರೆಂಟ್ ಇದ್ದರೆ ತಾನೇ ಉಪಯೋಗ? ನಿಮ್ಮ ಊರಲ್ಲಿ ಬೋಟು ಇರೋ ಬಂಧುಗಳಿದ್ದರೆ ಇದನ್ನ ಅವರಿಗೆ ಕಳಿಸಿ. ಮುಂದಿನ ವಿಡಿಯೋದಲ್ಲಿ ಸಿಗೋಣ.