ಕೊಡುಂಗಲ್ಲೂರಿನಿಂದ ಬಾರಕೂರಿಗೆ

ಇಂದು ವಲ್ಲಾರ್ಪಾಡಂ ದ್ವೀಪದಲ್ಲಿ ಕಂಟೇನರ್ ಹಡಗುಗಳು ತಂಗುತ್ತವೆ. ಕೊಚ್ಚಿಗೆ ಬಂದರಿನ ಭಾಗ್ಯ ತಂದದ್ದು 1341ರ ಪೆರಿಯಾರ್ ಪ್ರವಾಹ ಎನ್ನುತ್ತಾರೆ. ಅದಕ್ಕೂ ಮುನ್ನ ಅರಬ್ ವರ್ತಕರು ಮೆಣಸಿಗಾಗಿ ಬರುತ್ತಿದ್ದುದು ಉತ್ತರದ ಕೊಡುಂಗಲ್ಲೂರಿಗೆ. ಅಲ್ಲಿನ ಚೇರಮಾನ್ ಜುಮಾ ಮಸೀದಿ ಭಾರತದ ಮೊತ್ತಮೊದಲನೆಯದು, ಮಾಲಿಕ್ ದೀನಾರ್ ಅದನ್ನು 629ರಲ್ಲಿ ಕಟ್ಟಿಸಿದರು ಎಂಬುದು ಐತಿಹ್ಯ.

ಈ ಕಾಲಗಣನೆಯನ್ನು ಶಂಕಿಸಿದವರು ಆಧುನಿಕ ವಿದ್ವಾಂಸರು ಮಾತ್ರವಲ್ಲ. 16ನೆಯ ಶತಮಾನದಲ್ಲಿ ಪೊನ್ನಾನಿಯ ಝೈನುದ್ದೀನ್ ಮಖ್ದೂಮ್ ಅರಬ್ಬಿಯಲ್ಲಿ ರಚಿಸಿದ ‘ತುಹ್ಫತುಲ್ ಮುಜಾಹಿದೀನ್’ ಕೃತಿಯಲ್ಲಿ ಮಲಬಾರಿನ ಅರಸ ಇಸ್ಲಾಂ ಸ್ವೀಕರಿಸಿದ ಕಥೆಯನ್ನು ನಿರೂಪಿಸಿ, ಅದು ಪ್ರಾಯಶಃ ಹಿಜರಿ 200ರ ತರುವಾಯ, ಅಂದರೆ ಕ್ರಿಸ್ತಶಕ 9ನೆಯ ಶತಮಾನದಲ್ಲಿ, ನಡೆದಿರಬೇಕೆಂದರು. ತಮ್ಮವರ ನಂಬಿಕೆಯನ್ನೇ ಒರೆಗೆ ಹಚ್ಚಿದ ಆ ನಿಷ್ಠುರತೆ ನಮಗೆ ಮಸೀದಿಯ ವಯಸ್ಸಿಗಿಂತ ಹಿರಿದಾಗಿ ಕಾಣುತ್ತದೆ.

ಕನ್ನಡಿಗರಾದ ನಮ್ಮನ್ನು ತಡೆದು ನಿಲ್ಲಿಸುವುದು ಅದೇ ಕೃತಿಯಲ್ಲಿರುವ ಮಸೀದಿಗಳ ಪಟ್ಟಿ. ಕೊಲ್ಲಂ, ಕೊಡುಂಗಲ್ಲೂರುಗಳೊಡನೆ ಕಾಸರಗೋಡು, ಮಂಗಳೂರು, ಬಾರಕೂರುಗಳೂ ಅಲ್ಲಿವೆ. ಬಾರಕೂರು ‘ಫಾಕನೂರ್’ ಆಗಿ. ಅದನ್ನು ಧರ್ಮಪ್ರಸಾರದ ಕಥೆಯೆಂದಷ್ಟೇ ಓದುವುದು ಸಾಲದು, ಅದೊಂದು ಬಂದರುಗಳ ನಕ್ಷೆಯೂ ಹೌದು. ಇಬ್ನ್ ಬತೂತ 14ನೆಯ ಶತಮಾನದಲ್ಲಿ ಇದೇ ಕರಾವಳಿಯಲ್ಲಿ ಸಾಗಿದಾಗ ಮಂಗಳೂರಿನಲ್ಲಿ ಸುಮಾರು 4,000 ಮುಸಲ್ಮಾನರಿದ್ದರೆಂದು ಬರೆದ. ಇಂದಿನ ರಾಜ್ಯದ ಗಡಿಗಳು ಆ ಹಡಗುಗಳಿಗೆ ಎಲ್ಲಿದ್ದವು!

ಚೇರಮಾನ್ ಮಸೀದಿಯ ಹಳೆಯ ರೂಪ ಕೇರಳದ ಇಳಿಜಾರು ಹೆಂಚಿನ ಮಾಡಿನದು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಅದರ ಸುತ್ತ ಕಾಂಕ್ರೀಟ್ ಹಜಾರಗಳೂ ಮಿನಾರುಗಳೂ ಎದ್ದು ಮೂಲ ಕಟ್ಟಡವೇ ಮರೆಯಾಯಿತು. ಈಚೆಗೆ ಮುಜಿರಿಸ್ ಪರಂಪರೆ ಯೋಜನೆಯಡಿ ಅವನ್ನು ತೆಗೆದು, ಹೆಚ್ಚಿನ ಜನರ ನಮಾಜಿಗೆಂದು ನೆಲದಡಿಯಲ್ಲಿ ಹಜಾರ ನಿರ್ಮಿಸಿದ್ದಾರೆ. ಹೆಂಚಿನ ಮಾಡು ಮತ್ತೆ ಬಯಲಿಗೆ ಬಂದಿದೆ.