ಮೈಲುತುತ್ತಕ್ಕೆ ಇನ್ನೂ ವಯಸ್ಸಾಗಿಲ್ಲ (ತೋಟದ ಚರಿತ್ರೆ, ಭಾಗ 4)

"ಮೊದಲು ಒಂದ್ಸಲ ಔಷಧಿ ಹೊಡೆದ್ರೆ ರೋಗ ನಿಲ್ತಿತ್ತು, ಈಗ ಮೂರು ಸಲ ಹೊಡೆದ್ರೂ ಇಲ್ಲ." ಕೋರದ ಕಡೆ ತೋಟ ಇರೋ ಮನೆಯವರಾದ್ರೆ ಈ ಮಾತು ನೀವೂ ಕೇಳಿರ್ತೀರಿ. ಔಷಧಿ ಡೂಪ್ಲಿಕೇಟು ಅಂತ ಅಂಗಡಿಯವರನ್ನ ಬೈತೀವಿ. ಆದ್ರೆ ಬದಲಾಗಿರೋದು ಔಷಧಿಯಲ್ಲ, ರೋಗ ತರೋ ಶಿಲೀಂಧ್ರವೇ ಆಗಿದ್ರೆ?

ಸ್ವಲ್ಪ ಹಿಂದಕ್ಕೆ ಹೋಗೋಣ. 1882, ಫ್ರಾನ್ಸಿನ ಬೋರ್ಡೋ ಸೀಮೆ. ದಾರಿಹೋಕರು ದ್ರಾಕ್ಷಿ ಕದೀತಾರೆ ಅಂತ ರೈತರು ರಸ್ತೆ ಪಕ್ಕದ ಬಳ್ಳಿಗೆ ಮೈಲುತುತ್ತ, ಸುಣ್ಣ ಬೆರೆಸಿ ಎರಚ್ತಿದ್ರು. ಆ ಬಳ್ಳಿಗಳಿಗೆ ಮಾತ್ರ ರೋಗ ಬಂದಿರಲಿಲ್ಲ! ಮಿಲಾರ್ದೆ ಅನ್ನೋ ವಿಜ್ಞಾನಿ ಅದನ್ನ ಗಮನಿಸಿ 1885ರಲ್ಲಿ ಪ್ರಕಟಿಸಿದರು. ಕಳ್ಳರ ಕಾಟದಿಂದ ಹುಟ್ಟಿದ ಔಷಧಿ ಅನ್ನಿ.

1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಮಲೆನಾಡಲ್ಲಿ ಕೊಳೆರೋಗಕ್ಕೆ ಅಡಿಕೆ ಉದುರ್ತಿತ್ತು, ರೈತರು ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೀತಿದ್ರು. ಕೋಲ್ಮನ್ ಬೋರ್ಡೋ ದ್ರಾವಣ ಹೊಡೆಯೋದನ್ನ ರೂಢಿಗೆ ತಂದರು. ಅದು ಇವತ್ತಿಗೂ ನಡೀತಿದೆ. ತಾಮ್ರ ಶಿಲೀಂಧ್ರದ ಜೀವಕೋಶವನ್ನ ಹತ್ತಾರು ಕಡೆ ಒಟ್ಟಿಗೆ ಹೊಡೆಯುತ್ತೆ. ಎಲ್ಲ ಬಾಗಿಲನ್ನೂ ಒಂದೇ ಸಲ ಮುಚ್ಚಿಕೊಳ್ಳೋಕೆ ಅದಕ್ಕೆ ಆಗಲ್ಲ.

1960ರ ದಶಕದ ಕೊನೆಗೆ ಬೆನೊಮಿಲ್ ಬಂತು. ಗಿಡದ ಒಳಗೇ ಹೋಗುತ್ತೆ, ಚೂರು ಸಾಕು, ಮಳೆಗೆ ತೊಳೆದುಹೋಗಲ್ಲ. ಆದ್ರೆ ಇದು ಹೊಡೆಯೋದು ಒಂದೇ ಜಾಗಕ್ಕೆ. ಅಲ್ಲೊಂದು ಸಣ್ಣ ಬದಲಾವಣೆ ಆದ ಶಿಲೀಂಧ್ರ ಬದುಕಿ ಉಳಿಯುತ್ತೆ, ಉಳಿದದ್ದೆಲ್ಲ ಸಾಯುತ್ತೆ, ಮುಂದಿನ ಸಂತಾನ ಪೂರ್ತಿ ಅದರದ್ದೇ. 1969ಕ್ಕೇ ಅಮೆರಿಕದಲ್ಲಿ ಸೌತೆ ಜಾತಿಯ ಬೆಳೆಗಳ ಬೂದಿರೋಗ ಬೆನೊಮಿಲ್‌ಗೆ ಬಗ್ಗಲಿಲ್ಲ. 1977ರ ಮೆಟಲಾಕ್ಸಿಲ್ ಕಥೆಯೂ ಅಷ್ಟೇ. 1980ಕ್ಕೆ ಐರ್ಲೆಂಡಿನ ಆಲೂಗಡ್ಡೆಯಲ್ಲಿ, 1981ಕ್ಕೆ ಅದೇ ಫ್ರಾನ್ಸಿನ ದ್ರಾಕ್ಷಿಯಲ್ಲಿ ಸೋತಿತು. (ಕೊಳೆರೋಗದ್ದು, ಈ ಎರಡು ಬೆಳೆಯದ್ದು ನಿಜವಾದ ಶಿಲೀಂಧ್ರವಲ್ಲ, ಅದನ್ನೇ ಹೋಲೋ ಬೇರೆ ವಂಶ. ಪರೀಕ್ಷೇಲಿ ಕೇಳಿದ್ರೆ ಹುಷಾರು.)

ಹಾಗಂತ ಮೈಲುತುತ್ತ ದೇವರಲ್ಲ. ರೋಗ ಬರೋ ಮೊದಲೇ ಹೊಡೀಬೇಕು, ವರ್ಷ ವರ್ಷ ಹೊಡೆದ್ರೆ ತಾಮ್ರ ಮಣ್ಣಲ್ಲಿ ಸೇರಿಕೊಳ್ಳುತ್ತೆ.

ಈಗ ನಮ್ಮ ಗೊಬ್ಬರದಂಗಡಿಗೆ ಬನ್ನಿ. ಮಾವಿನ ಚಿಬ್ಬು ರೋಗಕ್ಕೆ ಕಾರ್ಬೆಂಡಜಿಮ್ ಕೆಲಸ ಮಾಡ್ತಿಲ್ಲ ಅಂತ ಥಯೋಫನೇಟ್ ಮಿಥೈಲ್ ತರ್ತಾರೆ. ಹೆಸರು ಬೇರೆ, ಬಣ್ಣದ ಪ್ಯಾಕೆಟ್ಟೂ ಬೇರೆ. ಆದ್ರೆ ಗಿಡದೊಳಗೆ ಹೋದಮೇಲೆ ಅದು ಆಗೋದು ಮತ್ತದೇ ಕಾರ್ಬೆಂಡಜಿಮ್. ಇವತ್ತು ಮನೇಲಿರೋ ಪ್ಯಾಕೆಟ್ ತಿರುಗಿಸಿ, ಸಣ್ಣ ಅಕ್ಷರದಲ್ಲಿ ಏನಿದೆ ಅಂತ ಕಾಮೆಂಟಲ್ಲಿ ಬರೀರಿ.